ಕೊಲ್ಹಾಪುರದ ನಡು ಎಲ್ಲಿ?

ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಗೇಣುದ್ದವೂ ಇಲ್ಲದ ಒಂದು ಕಂಚಿನ ಮೂರ್ತಿ ಇದೆ. ಗಡ್ಡ ಬಿಟ್ಟ, ಬರಿಮೈಯ ಈ ಗಟ್ಟಿ ಆಳು ಪೊಸೈಡನ್, ಗ್ರೀಕರ ಕಡಲ ದೇವರು. ಕಡಲಿಗೂ ಈ ಊರಿಗೂ ನಡುವೆ ಸಹ್ಯಾದ್ರಿಯೇ ಅಡ್ಡ ನಿಂತಿದೆ. ಆದರೂ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಸಾಮ್ರಾಜ್ಯದ ಯಾವುದೋ ಎರಕದ ಮನೆಯಲ್ಲಿ ಹುಟ್ಟಿದ ಈ ದೇವರು ಹಡಗೇರಿ, ಘಟ್ಟ ಹತ್ತಿ, ಪಂಚಗಂಗೆಯ ದಂಡೆ ಸೇರಿದ. 1940ರ ದಶಕದಲ್ಲಿ ಅವನು ಮತ್ತೆ ಬೆಳಕು ಕಂಡದ್ದು ಒಬ್ಬ ಕನ್ನಡ ಪ್ರಾಧ್ಯಾಪಕರಿಂದ.

ಯಡ್ರಾವ, ಇಚಲಕರಂಜಿ, ಕುರುಂದವಾಡ ಕಡೆಯ ಕನ್ನಡ ಮನೆಗಳಿಗೆ ಕೊಲ್ಹಾಪುರವೇನೂ ದೂರದ ಊರಲ್ಲ. ದವಾಖಾನೆ, ಕಾಲೇಜು, ಕೋರ್ಟು, ಮದುವೆಯ ಜವಳಿ, ಎಲ್ಲಕ್ಕೂ ಅತ್ತಲೇ ಹೋಗಬೇಕು. ಹೋದವರು ಅಂಬಾಬಾಯಿಗೆ ಕೈ ಮುಗಿದು, ರಂಕಾಳೆ ಕೆರೆಯ ದಂಡೆಯಲ್ಲಿ ಭೇಳ ತಿಂದು, ಒಂದು ಜೋಡು ಚಪ್ಪಲಿ ಕೊಂಡು ಸಂಜೆಯ ಎಸ್‌ಟಿ ಬಸ್ಸು ಹಿಡಿಯುತ್ತಾರೆ. ಈ ಸುತ್ತಿನಲ್ಲಿ ಕಾಣುವುದು ಇವತ್ತಿನ ಊರು. ಹಳೆಯ ಊರನ್ನು ಕಾಣಬೇಕಾದರೆ ದಾರಿ ಸ್ವಲ್ಪ ಬದಲಿಸಬೇಕು, ಏಕೆಂದರೆ ಕೊಲ್ಹಾಪುರದ ನಡು ಯಾವತ್ತೂ ಒಂದೇ ಕಡೆ ನಿಂತಿಲ್ಲ. ಒಂದು ಕಾಲಕ್ಕೆ ಅದು ನದಿ ದಂಡೆಯ ದಿಬ್ಬದಲ್ಲಿತ್ತು, ಮುಂದೆ ದೇವಿಯ ಗುಡಿಗೆ ಬಂತು, ಬಸದಿಯ ಪಕ್ಕದ ಸಂತೆಗೆ ಸರಿಯಿತು, ಗುಡ್ಡ ಹತ್ತಿ ಕೋಟೆಯೊಳಗೆ ಕೂತಿತು, ಕೆಳಗಿಳಿದು ಅರಮನೆಗೆ ಬಂತು. ನಡು ಸರಿದಾಗಲೆಲ್ಲ ಹಿಂದೆ ಒಂದು ಗುರುತು ಉಳಿದಿದೆ. ಆ ಗುರುತುಗಳಲ್ಲಿ ಹಲವು ಕನ್ನಡದಲ್ಲಿವೆ.

ಮೊದಲ ಗುರುತು ಬ್ರಹ್ಮಪುರಿ. ಶಿವಾಜಿ ಸೇತುವೆಯ ಹತ್ತಿರ ಪಂಚಗಂಗೆಯ ದಂಡೆಯ ಮೇಲೆ ಎದ್ದಿರುವ ಈ ದಿಬ್ಬದ ಮೇಲೆ ಈಗ ಮನೆಗಳಾಗಿವೆ, ಸುಮ್ಮನೆ ಹಾದುಹೋಗುವವರಿಗೆ ಇದೊಂದು ಏರು ಓಣಿ ಅಷ್ಟೆ. ಆದರೆ ಕೊಲ್ಹಾಪುರ ಹುಟ್ಟಿದ್ದು ಇಲ್ಲಿ. ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಪ್ರೊ. ಕೆ.ಜಿ. ಕುಂದಣಗಾರರು ಈ ದಿಬ್ಬದ ಮಣ್ಣಿನಲ್ಲಿ ಇತಿಹಾಸವಿದೆ ಎಂದು ನಂಬಿದವರು. ಅವರು ಬೆಳಕಿಗೆ ತಂದ ಕಂಚಿನ ವಸ್ತುಗಳ ರಾಶಿಯಲ್ಲಿ ಪೊಸೈಡನ್ ಇದ್ದ, ಕನ್ನಡಿ ಇತ್ತು, ಪಾತ್ರೆಗಳಿದ್ದವು, ಸವಾರರನ್ನು ಹೊತ್ತ ಆನೆ ಇತ್ತು. ಭಾರತೀಯ ಕಲೆಯ ಇತಿಹಾಸಕಾರರು ಇಂದಿಗೂ ಆ ರಾಶಿಯನ್ನು ಕುಂದಣಗಾರರ ಹೆಸರಿನಿಂದಲೇ ಗುರುತಿಸುತ್ತಾರೆ.

ಅದರ ಬೆನ್ನಿಗೇ, 1945-46ರಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತ್ ಇಲ್ಲಿ ಕ್ರಮಬದ್ಧವಾಗಿ ಉತ್ಖನನ ನಡೆಸಿದರು. ಪದರ ಪದರವಾಗಿ ಊರು ಬಿಚ್ಚಿಕೊಂಡಿತು. ತಳದಲ್ಲಿ ಸಾತವಾಹನರ ಕಾಲದ ಇಟ್ಟಿಗೆಯ ಮನೆಗಳು, ಮೇಲೆ ಶಿಲಾಹಾರರ ಕಾಲದ ಪದರ, ಅದರ ಮೇಲೆ ಬಹಮನಿ ಕಾಲದ್ದು. ಅಗೆದು ತೆಗೆದ ವಸ್ತುಗಳನ್ನು ಇಡಲೆಂದೇ ಕೊಲ್ಹಾಪುರದಲ್ಲಿ ವಸ್ತುಸಂಗ್ರಹಾಲಯ ಶುರುವಾಯಿತು. 1949ರಲ್ಲಿ ಅದು ಟೌನ್ ಹಾಲಿಗೆ ಬಂತು. ಆ ಕಟ್ಟಡಕ್ಕೂ ಅದರದೇ ಕಥೆಯಿದೆ: 1872ರಿಂದ 1876ರ ನಡುವೆ ಎದ್ದ ಈ ಗಾಥಿಕ್ ಶೈಲಿಯ ಸಭಾಭವನದ ವಿನ್ಯಾಸ ಚಾರ್ಲ್ಸ್ ಮ್ಯಾಂಟ್ ಎಂಬ ಇಂಗ್ಲಿಷ್ ಎಂಜಿನಿಯರನದು.

ರೋಮಿನ ಕಂಚು ಇಲ್ಲಿಗೇಕೆ ಬಂತು? ಭೂಪಟದಲ್ಲಿ ಉತ್ತರವಿದೆ. ಕೊಂಕಣದ ಬಂದರುಗಳಿಂದ ಘಟ್ಟ ಹತ್ತಿ ಬಂದ ಸರಕಿಗೆ ಬಯಲಿನಲ್ಲಿ ಸಿಗುವ ಮೊದಲ ದೊಡ್ಡ ನಿಲ್ದಾಣಗಳಲ್ಲಿ ಕೊಲ್ಹಾಪುರವೂ ಒಂದು. ಕಾಸಾರಿ, ಕುಂಭಿ, ತುಳಸಿ, ಭೋಗಾವತಿ ಸೇರಿ ಪಂಚಗಂಗೆಯಾಗಿ ಹರಿಯುವ ಜಾಗವಿದು, ಐದನೆಯದಾದ ಸರಸ್ವತಿ ಗುಪ್ತಗಾಮಿನಿ ಎಂಬ ನಂಬಿಕೆ. ನೀರು, ಅನ್ನ, ಹಾದಿ ಮೂರೂ ಇದ್ದ ಕಡೆ ಪೇಟೆ ಬೆಳೆಯಿತು. ಅಲ್ಲಿ ಆಳಿದ ಸಾತವಾಹನ ಕಾಲದ ಅರಸರ ನಾಣ್ಯಗಳು ಈ ಊರಿನಲ್ಲಿ ಸಿಕ್ಕಿವೆ. ವಾಸಿಠೀಪುತ ವಿಳಿವಾಯಕುರ, ಮಾಢರೀಪುತ ಸಿವಲಕುರ, ಗೋತಮೀಪುತ ವಿಳಿವಾಯಕುರ ಎಂಬ ಮೂರು ಹೆಸರು, ಒಂದು ಬದಿಗೆ ಬಿಲ್ಲು ಬಾಣ. ಇವರಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ನಾಣ್ಯಗಳೇ ಹೇಳಿದವು: ಹಿಂದಿನವನ ನಾಣ್ಯದ ಮೇಲೆಯೇ ಮುಂದಿನವನು ತನ್ನ ಮುದ್ರೆ ಒತ್ತಿದ್ದ. ಕ್ರಿ.ಶ. 2ನೆಯ ಶತಮಾನದ ಟಾಲೆಮಿ ತನ್ನ ಭೂಗೋಳದಲ್ಲಿ ಬಲಿಯೊಕೌರೊಸ್ ಎಂಬ ದೊರೆಯ ರಾಜಧಾನಿ ಹಿಪ್ಪೊಕೌರ ಎಂದು ಬರೆದಿದ್ದಾನೆ. ಆ ದೊರೆ ವಿಳಿವಾಯಕುರನೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ, ರಾಜಧಾನಿ ಇದೇ ಊರೇ ಎಂಬುದರ ಬಗ್ಗೆ ಮಾತ್ರ ಚರ್ಚೆ ಮುಗಿದಿಲ್ಲ. ಬೌದ್ಧರೂ ಇಲ್ಲಿದ್ದರು. 19ನೆಯ ಶತಮಾನದಲ್ಲಿ ಊರೊಳಗಿನ ಸ್ತೂಪವೊಂದರಿಂದ ಹೊರಬಂದ ಕರಂಡಕದ ಮೇಲೆ ಬ್ರಾಹ್ಮೀ ಅಕ್ಷರಗಳಿವೆ: ಬಮ್ಹ ಎಂಬವನ ದಾನ, ಧಮಗುತ ಮಾಡಿಸಿದ್ದು.

ನದಿಯ ದಿಬ್ಬದಿಂದ ಊರಿನ ನಡು ಮೆಲ್ಲಗೆ ಒಳಗೆ ಸರಿದು ಮಹಾಲಕ್ಷ್ಮಿಯ ಸುತ್ತ ಸೇರಿಕೊಂಡಿತು.

ಕರವೀರ ಕ್ಷೇತ್ರದ ಈ ದೇವಿ ಮರಾಠಿಗರಿಗೆ ಅಂಬಾಬಾಯಿ. ಹಳೆ ಮೈಸೂರು ಸೀಮೆಯಲ್ಲಿ ಕೊಲ್ಲಾಪುರದಮ್ಮ ಎಂಬ ಹೆಸರಿನಿಂದಲೇ ಗುಡಿಗಳಿವೆ ಎಂದರೆ ಇವಳ ಕೀರ್ತಿ ದಕ್ಷಿಣಕ್ಕೆ ಎಷ್ಟು ದೂರ ನಡೆದಿದೆ ಎಂಬುದು ತಿಳಿಯುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ ನಾಡಿಗೆ ಬಂದ ಕೇಡು ಕಳೆಯಲೆಂದು ತನ್ನ ಎಡಗೈಯ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದ ಸಂಗತಿ ಕ್ರಿ.ಶ. 871ರ ಸಂಜಾನ ತಾಮ್ರಪಟದಲ್ಲಿದೆ. ಆ ಮಹಾಲಕ್ಷ್ಮಿ ಕೊಲ್ಹಾಪುರದವಳೇ ಎಂಬುದು ಬಹುಮಂದಿ ಇತಿಹಾಸಕಾರರ ಅಭಿಪ್ರಾಯ. ಅದೇ ದೊರೆಯ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡ ನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಳೆದಾಗ, ಈ ಊರು ಆ ಎಲ್ಲೆಯ ಒಳಗೆ ನಿಶ್ಚಿಂತೆಯಿಂದ ಇತ್ತು.

ಗುಡಿ ಪಡುವಣಕ್ಕೆ ಮುಖ ಮಾಡಿದೆ. ಅದರ ಫಲವೇ ಕಿರಣೋತ್ಸವ. ಪ್ರತಿ ವರ್ಷ ನವೆಂಬರ್ 9ರಿಂದ 11 ಮತ್ತು ಜನವರಿ 31ರಿಂದ ಫೆಬ್ರವರಿ 2ರ ಸಂಜೆಗಳಲ್ಲಿ ಮುಳುಗುವ ಸೂರ್ಯನ ಕಿರಣ ಮಹಾದ್ವಾರ ದಾಟಿ, ಮಂಟಪಗಳನ್ನು ಹಾದು, ಗರ್ಭಗುಡಿ ಸೇರುತ್ತದೆ. ಮೊದಲ ದಿನ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಮುಖ. ಇದರ ಹಿಂದಿರುವ ಲೆಕ್ಕ ಸರಳ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನೆ. ನವೆಂಬರಿನ ಆ ದಿನಗಳು ಅದಕ್ಕೆ ಸುಮಾರು ನಲವತ್ತು ದಿನ ಮೊದಲು, ಜನವರಿ ಕೊನೆಯವು ಸುಮಾರು ನಲವತ್ತು ದಿನ ಆಮೇಲೆ. ಹೋಗುವಾಗಲೂ ಬರುವಾಗಲೂ ಸೂರ್ಯ ಬಾನಂಚಿನ ಅದೇ ಬಿಂದುವಿನಲ್ಲಿ ಮುಳುಗುತ್ತಾನೆ. ಕಟ್ಟಿದವರು ಆ ಬಿಂದುವಿಗೆ ಸರಿಯಾಗಿ ಗುಡಿಯ ನೇರ ಹಿಡಿದರು. ಇಂದು ಮಹಾದ್ವಾರ ರಸ್ತೆಯ ಕಟ್ಟಡಗಳು ಎತ್ತರವಾದಂತೆ ಕಿರಣ ಎಲ್ಲಿಯವರೆಗೆ ತಲುಪಿತು ಎಂದು ಅಳೆದು ನೋಡುವುದೂ ಉತ್ಸವದ ಭಾಗವಾಗಿಬಿಟ್ಟಿದೆ.

ದೇವಿಯ ಊರು ಎಂಬುದಕ್ಕೆ ಯುದ್ಧದ ಬೆಲೆಯೂ ಇತ್ತು. 1054ರಲ್ಲಿ ಕೊಪ್ಪಂ ಎಂಬಲ್ಲಿ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ಕಾಳಗವಾಯಿತು. ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ಅವನ ತಮ್ಮ ಎರಡನೆಯ ರಾಜೇಂದ್ರ ರಣರಂಗದಲ್ಲೇ ಪಟ್ಟಕ್ಕೇರಿ, ಕೊಲ್ಲಾಪುರದಲ್ಲಿ ಜಯಸ್ತಂಭ ನೆಟ್ಟೆನೆಂದು ತನ್ನ ಶಾಸನದಲ್ಲಿ ಹೇಳಿಕೊಂಡ. ದೂರದ ಚೋಳ ದೊರೆಗೂ ತನ್ನ ಗೆಲುವು ಸಾರಲು ಬೇಕಾದ ಜಾಗ ಇದಾಗಿತ್ತು. ಆ ಕೊಪ್ಪಂ ಯಾವುದು? ಜೆ.ಎಫ್. ಫ್ಲೀಟರು ಯಡ್ರಾವ ಇರುವ ಶಿರೋಳ ತಾಲೂಕಿನದೇ ಖಿದ್ರಾಪುರವೆಂದರು, ಕೊಪ್ಪಳವೆನ್ನುವವರೂ ಇದ್ದಾರೆ.

ಮಹಾಲಕ್ಷ್ಮಿಯ ವರಪ್ರಸಾದ ಪಡೆದವರು ತಾವೆಂದು ಬಿರುದು ಹೇಳಿಕೊಂಡ ಮನೆತನ ಶಿಲಾಹಾರರದು. 10ನೆಯ ಶತಮಾನದಿಂದ 1212ರವರೆಗೆ, ಬಹುಪಾಲು ಚಾಲುಕ್ಯರ ಸಾಮಂತರಾಗಿ ಅವರು ಈ ಸೀಮೆ ಆಳಿದರು. ಕೊಲ್ಹಾಪುರಕ್ಕೆ ಹೋದ ಕನ್ನಡಿಗರು ಸಾಮಾನ್ಯವಾಗಿ ಬಿಟ್ಟುಬರುವ ಶುಕ್ರವಾರ ಪೇಟೆ ಆ ಕಾಲದ ನಡುವಿಗೆ ಒಯ್ಯುತ್ತದೆ. ಲಕ್ಷ್ಮೀಸೇನ ಭಟ್ಟಾರಕರ ಜೈನ ಮಠ ಇರುವುದು ಈ ಪೇಟೆಯಲ್ಲಿ. ಶಿಲಾಹಾರರ ಕಾಲದ ಎರಡು ಮುಖ್ಯ ಶಾಸನಗಳು ಸಿಕ್ಕಿದ್ದು ಇದೇ ಪೇಟೆಯ ಶುಕ್ರವಾರ ದ್ವಾರದ ಹತ್ತಿರ.

ಮೊದಲನೆಯದು ಶಕ 1058, ಅಂದರೆ ಕ್ರಿ.ಶ. 1135-36ರದು, ಕನ್ನಡದಲ್ಲಿದೆ. ಶಿಲಾಹಾರ ಅರಸ ಗಂಡರಾದಿತ್ಯನ ಸಾಮಂತ ನಿಂಬದೇವರಸ ಕವಡೆಗೊಳ್ಳದ ಸಂತೆಯಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಬಸದಿಯ ಖರ್ಚಿಗೆ ಅರಸನ ಭೂಮಿಗಾಗಿ ಕಾಯಲಿಲ್ಲ. ಅಯ್ಯಾವೊಳೆ ಐನೂರ್ವರ ವೀರಬಣಂಜು ವರ್ತಕರು, ಕೊಲ್ಲಾಪುರ ಮಿರಜಗಳ ವ್ಯಾಪಾರಿಗಳು ಕೂಡಿ ಸಭೆ ಮಾಡಿ, ಪೇಟೆಗೆ ಬರುವ ಸರಕಿನ ಮೇಲೆ ಇಂತಿಂಥದ್ದಕ್ಕೆ ಇಷ್ಟಿಷ್ಟು ಎಂದು ತಾವೇ ದೇಣಿಗೆ ಕಟ್ಟಿಕೊಂಡರು. ಈ ಕಲ್ಲು ಓದಿದರೆ ಗುಡಿಗಿಂತ ಹೆಚ್ಚಾಗಿ ಒಂದು ಮಾರುಕಟ್ಟೆಯೇ ಕಣ್ಣಿಗೆ ಕಟ್ಟುತ್ತದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ವರ್ತಕ ಸಂಘ ಇಲ್ಲಿ ಕೂತು ಕನ್ನಡದಲ್ಲಿ ಒಪ್ಪಂದ ಬರೆಸುತ್ತಿತ್ತು. ಅರಮನೆಯ ಪ್ರಶಸ್ತಿ ಸಂಸ್ಕೃತದಲ್ಲಿದ್ದರೂ ನಡೆದೀತು, ದುಡ್ಡಿನ ಮಾತು ಮಾತ್ರ ಪೇಟೆಯ ಮಂದಿಗೆ ತಿಳಿಯುವ ನುಡಿಯಲ್ಲೇ ಇರಬೇಕಿತ್ತು.

ಎರಡನೆಯದು ಶಕ 1065ರದು, ಗಂಡರಾದಿತ್ಯನ ಮಗ ವಿಜಯಾದಿತ್ಯನ ಕಾಲದ್ದು. ಭಾಷೆ ಸಂಸ್ಕೃತ, ಅಕ್ಷರ ಹಳಗನ್ನಡದವು. ಹಾವಿನ ಹೇರಿಲಗೆ ಎಂಬ ಹಳ್ಳಿಯಲ್ಲಿ ಕಟ್ಟಿದ ಜಿನಾಲಯಕ್ಕೆ ಕೊಟ್ಟ ದತ್ತಿಯನ್ನು ಅದು ಹೇಳುತ್ತದೆ. ಆ ಹಳ್ಳಿ ಇವತ್ತಿನ ಹೇರ್ಲೆ, ಕೊಲ್ಹಾಪುರ-ಸಾಂಗಲಿ ಹಾದಿಯಲ್ಲಿ ಬಸ್ಸಿನ ಕಿಟಕಿಯಿಂದ ದಿನವೂ ಕಾಣುವ ಊರು. ಆ ಜಿನಾಲಯ ಕಟ್ಟಿಸಿದ ವಾಸುದೇವ, ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸಿದ್ಧಾಂತದೇವರ ಶಿಷ್ಯ. ಈ ಬಸದಿಯ ಹೆಸರು ದೂರದೂರಕ್ಕೆ ಹಬ್ಬಿತ್ತು. 1123ರ ತೇರದಾಳದ ಶಾಸನದಲ್ಲಿ ಅದರ ಪ್ರಸ್ತಾಪವಿದೆ, ಶ್ರವಣಬೆಳಗೊಳದ ಶಾಸನದಲ್ಲಿ ಮಾಘನಂದಿಯೂ ಅವರ ಶಿಷ್ಯ ಸಾಮಂತ ನಿಂಬನೂ ಬರುತ್ತಾರೆ. ‘ರೂಪನಾರಾಯಣ’ ಎಂಬುದು ಗಂಡರಾದಿತ್ಯನ ಬಿರುದು.

ಈ ಗಂಡರಾದಿತ್ಯ ಮಹಾಲಕ್ಷ್ಮಿಯ ಭಕ್ತ, ಜೈನ ಬಸದಿಗೆ ಪೋಷಕ. ಅಷ್ಟಕ್ಕೇ ನಿಲ್ಲಲಿಲ್ಲ. 1110ರ ತಾಮ್ರಪಟದ ಪ್ರಕಾರ ಅವನು ಮಿರಜ ಸೀಮೆಯ ಇರುಕುಡಿಯಲ್ಲಿ ಗಂಡಸಮುದ್ರ ಎಂಬ ಕೆರೆ ಕಟ್ಟಿಸಿ, ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಮೂವರನ್ನೂ ಪ್ರತಿಷ್ಠಾಪಿಸಿದ. 12ನೆಯ ಶತಮಾನದ ದಖ್ಖನದಲ್ಲಿ ಬುದ್ಧನಿಗೆ ಹೊಸದಾಗಿ ಗುಡಿ ಎತ್ತಿದ ಅರಸರು ಬಲು ವಿರಳ. ಮಗ ವಿಜಯಾದಿತ್ಯನ ಮಂತ್ರಿಯ ಆಶ್ರಯದಲ್ಲಿ ಕರ್ಣಪಾರ್ಯ ಕನ್ನಡದಲ್ಲಿ ‘ನೇಮಿನಾಥಪುರಾಣ’ ಬರೆದ. ಮೊಮ್ಮಗ ಎರಡನೆಯ ಭೋಜನ ಆಳ್ವಿಕೆಯಲ್ಲಿ, 1205ರಲ್ಲಿ, ಸೋಮದೇವ ಎಂಬ ಜೈನ ಪಂಡಿತ ಆಜುರಿಕೆಯಲ್ಲಿ ಕೂತು ‘ಶಬ್ದಾರ್ಣವಚಂದ್ರಿಕೆ’ ಎಂಬ ಸಂಸ್ಕೃತ ವ್ಯಾಕರಣ ಮುಗಿಸಿದ. ಆಜುರಿಕೆಯೆಂದರೆ ಗಡಹಿಂಗ್ಲಜದ ಆಚೆಯ ಆಜರಾ. ಅವನು ಕೂತು ಬರೆದ ಜಿನಾಲಯವೂ ಗಂಡರಾದಿತ್ಯ ಕಟ್ಟಿಸಿದ್ದೇ.

ಶಿಲಾಹಾರರ ಕಾಲದ ಕಲ್ಲಿನ ಕೆಲಸ ಕಣ್ಣಾರೆ ಕಾಣಬೇಕಾದರೆ ಮಾತ್ರ ಕೊಲ್ಹಾಪುರ ಬಿಟ್ಟು ಪಂಚಗಂಗೆಯ ಹರಿವಿನ ಜೊತೆ ಮೂಡಣಕ್ಕೆ ಬರಬೇಕು. ಇಚಲಕರಂಜಿಯ ಪಕ್ಕದಿಂದ ಹರಿದು, ನರಸೋಬವಾಡಿಯಲ್ಲಿ ನದಿ ಕೃಷ್ಣೆಗೆ ಸೇರುತ್ತದೆ. ಅಲ್ಲಿಂದ ಕೆಳಗೆ ಕೃಷ್ಣೆಯ ದಂಡೆಯಲ್ಲಿ, ಕರ್ನಾಟಕದ ಗಡಿಗೆ ಅಂಟಿಕೊಂಡು ಖಿದ್ರಾಪುರದ ಕೋಪೇಶ್ವರ ಗುಡಿ. ಒಳಹೊಕ್ಕರೆ ಮೊದಲು ಸಿಗುವುದು ಸ್ವರ್ಗ ಮಂಟಪ. 48 ಕಂಬಗಳ ಈ ಮಂಟಪದ ನಡು ಮಾಡು ಮುಚ್ಚಿಲ್ಲ, ದುಂಡಗೆ ತೆರೆದುಕೊಂಡಿದೆ. ಅದರ ನೇರ ಕೆಳಗೆ ಅಷ್ಟೇ ದುಂಡಾದ ಕಲ್ಲಿನ ಹಾಸು. ಹೊರಗಿನ ಅಡಿಪಾಯದ ಸುತ್ತ ಆನೆಗಳ ಸಾಲು ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿದೆ. ಶಿವನ ಮುಂದೆ ನಂದಿ ಮಾತ್ರ ಇಲ್ಲ. ಆ ನಂದಿ ಚಿಕ್ಕೋಡಿ ಸೀಮೆಯ ಯಡೂರಿನಲ್ಲಿದೆ ಎಂಬುದು ಎರಡೂ ದಂಡೆಯ ಜನರ ನಂಬಿಕೆ. ಗುಡಿಯ ಕಂಬಗಳ ಮೇಲೆ ಕನ್ನಡ ಬರಹವಿದೆ. ದಕ್ಷಿಣದ ಬಾಗಿಲ ಕಡೆ ದೇವಗಿರಿಯ ಸೇವುಣ ದೊರೆ ಸಿಂಘಣನ 1213-14ರ ಸಂಸ್ಕೃತ ಶಾಸನವಿದೆ, ಅಕ್ಷರ ದೇವನಾಗರಿ. ಆಳ್ವಿಕೆ ಬದಲಾದದ್ದು ಗೋಡೆಯ ಮೇಲೆಯೇ ಗೊತ್ತಾಗುತ್ತದೆ.

ಆ ಬದಲಾವಣೆ ನಡೆದದ್ದು ಪನ್ಹಾಳದಲ್ಲಿ. ಕೊಲ್ಹಾಪುರದಿಂದ ಸುಮಾರು 20 ಕಿಲೋಮೀಟರ್ ವಾಯವ್ಯಕ್ಕೆ, ಮಳೆಗಾಲದಲ್ಲಿ ಮೋಡದೊಳಗೆ ಮರೆಯಾಗುವ ಈ ಗುಡ್ಡಕ್ಕೆ ಎರಡನೆಯ ಭೋಜ ತನ್ನ ಆಸ್ಥಾನ ಸಾಗಿಸಿದ. 1191-92ರಲ್ಲಿ ಅವನು ಇಲ್ಲಿದ್ದನೆಂದು ಸಾತಾರದಲ್ಲಿ ಸಿಕ್ಕ ತಾಮ್ರಪಟ ಹೇಳುತ್ತದೆ. ಚಾಲುಕ್ಯರು ಕುಸಿದ ಮೇಲೆ ಅವನು ಯಾರ ಸಾಮಂತನಾಗಿಯೂ ಉಳಿದಿರಲಿಲ್ಲ, ಅದಕ್ಕೇ ಬಯಲಿನ ಊರಿಗಿಂತ ಗುಡ್ಡ ಸುರಕ್ಷಿತವೆನಿಸಿತು. ಆದರೆ ಕೋಟೆ ಕೈ ಬಿಟ್ಟಿತು. 1212ರ ಸುಮಾರಿಗೆ ದೇವಗಿರಿಯ ಸಿಂಘಣ ಭೋಜನನ್ನು ಸೋಲಿಸಿ ಇದೇ ಪನ್ಹಾಳದಲ್ಲಿ ಸೆರೆಯಿಟ್ಟ. ಪನ್ನಾಳದಲ್ಲಿ ಮನೆ ಮಾಡಿದ್ದ ಭೋಜನೆಂಬ ಹಾವಿಗೆ ಸಿಂಘಣ ಗರುಡನಾದ ಎಂಬರ್ಥದ ಹೊಗಳಿಕೆ ಸೇವುಣರ ಶಾಸನಗಳಲ್ಲಿದೆ. ಶಾಸನ ಬರೆದವನಿಗೆ ಶಿಲಾಹಾರರ ವಂಶದ ಕಥೆ ಚೆನ್ನಾಗಿ ಗೊತ್ತಿರಬೇಕು. ನಾಗನೊಬ್ಬನನ್ನು ಉಳಿಸಲು ಗರುಡನಿಗೆ ತನ್ನ ಮೈಯನ್ನೇ ಒಡ್ಡಿದ ವಿದ್ಯಾಧರ ಜೀಮೂತವಾಹನ ತಮ್ಮ ಮೂಲಪುರುಷನೆಂದು ಅವರು ಹೇಳಿಕೊಳ್ಳುತ್ತಿದ್ದರು, ಅವರ ಧ್ವಜದ ಮೇಲಿದ್ದದ್ದು ಬಂಗಾರದ ಗರುಡ. ಸೋತ ಮೇಲೆ ಗರುಡನೂ ಎದುರಾಳಿಯ ಪಾಲಾದ.

ಇವತ್ತು ಪನ್ಹಾಳಕ್ಕೆ ಹೋದವರಿಗೆ ಭೋಜನಿಗಿಂತ ಹೆಚ್ಚಾಗಿ ವಿಜಾಪುರವೇ ಎದುರಾಗುತ್ತದೆ. ತೀನ್ ದರವಾಜಾ, ಮೆಟ್ಟಿಲಿಳಿದು ಕತ್ತಲೊಳಗೆ ಹೋಗುವ ಅಂಧಾರ ಬಾವಿ, ಗಂಗಾ ಯಮುನಾ ಸರಸ್ವತಿ ಎಂಬ ಮೂರು ದೊಡ್ಡ ಕಣಜಗಳ ಅಂಬರಖಾನೆ, ಎಲ್ಲದರಲ್ಲೂ ಆದಿಲಶಾಹಿ ಕಾಲದ ಕೈವಾಡವಿದೆ. ಕಣಜಗಳ ಗೋಡೆ, ಕಮಾನು ನೋಡಿದವರಿಗೆ ಕೋಟೆಯ ನಿಜವಾದ ಬಲ ತೋಪಿಗಿಂತ ಜೋಳ, ಭತ್ತಗಳಲ್ಲಿತ್ತು ಎಂಬುದು ಮನದಟ್ಟಾಗುತ್ತದೆ. 1660ರಲ್ಲಿ ಸಿದ್ದಿ ಜೌಹರನ ಮುತ್ತಿಗೆಯಲ್ಲಿ ಶಿವಾಜಿ ತಿಂಗಳುಗಟ್ಟಲೆ ಇಲ್ಲಿ ಸಿಕ್ಕಿಕೊಂಡಿದ್ದದ್ದು, ಜುಲೈ ತಿಂಗಳ ಮಳೆಯ ರಾತ್ರಿಯಲ್ಲಿ ವಿಶಾಳಗಡದ ಕಡೆ ಪಾರಾದದ್ದು, ಶಿವಾ ಕಾಶೀದ್ ಅವನ ವೇಷದಲ್ಲಿ ಜೀವ ಕೊಟ್ಟದ್ದು, ಕಣಿವೆಯಲ್ಲಿ ಬಾಜಿ ಪ್ರಭು ದೇಶಪಾಂಡೆ ಶತ್ರುವನ್ನು ತಡೆದು ಸತ್ತದ್ದು ಮರಾಠಿ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠ. 2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಪನ್ಹಾಳವೂ ಇತ್ತು.

ಔರಂಗಜೇಬನ ನಂತರದ ಗಲಿಬಿಲಿಯಲ್ಲಿ ಛತ್ರಪತಿಯ ಮನೆತನ ಎರಡಾಯಿತು. ಶಿವಾಜಿಯ ಸೊಸೆ ತಾರಾಬಾಯಿ ಪನ್ಹಾಳವನ್ನು ರಾಜಧಾನಿ ಮಾಡಿಕೊಂಡಳು. 1731ರ ವಾರಣಾ ಒಪ್ಪಂದದಲ್ಲಿ ವಾರಣಾ ನದಿಯೇ ಸಾತಾರ ಮತ್ತು ಕೊಲ್ಹಾಪುರ ಗಾದಿಗಳ ಗಡಿಯಾಯಿತು. ಈ ನಡುವೆ, ದಾಳಿಗಳ ಭಯಕ್ಕೆ ಬಚ್ಚಿಟ್ಟಿದ್ದ ಮಹಾಲಕ್ಷ್ಮಿಯ ಮೂರ್ತಿ 1715ರಲ್ಲಿ ಗುಡಿಗೆ ಮರಳಿತ್ತು. 1782ರಲ್ಲಿ ರಾಜಧಾನಿಯೂ ಗುಡ್ಡ ಇಳಿದು ದೇವಿಯ ನೆರೆಗೆ ಬಂತು. ಗುಡಿಯಿಂದ ಕೂಗಳತೆಯಲ್ಲಿರುವ ಭವಾನಿ ಮಂಟಪ ಮತ್ತು ಹಳೆಯ ರಾಜವಾಡೆ ಆ ಕಾಲದವು. ಇಲ್ಲಿಂದ ಆಳಿದ ಸಂಸ್ಥಾನದಲ್ಲಿ ಕನ್ನಡದ ಊರುಗಳೂ ಇದ್ದವು. ಬೆಳಗಾವಿ ಜಿಲ್ಲೆಯ ರಾಯಬಾಗ ಸಂಸ್ಥಾನ ವಿಲೀನವಾಗುವವರೆಗೂ ಕೊಲ್ಹಾಪುರದ ಕೈಯಲ್ಲಿತ್ತು. ಮುಂದೆ ಈ ಗಾದಿಗೇರಿದ ಶಾಹೂ ಮಹಾರಾಜರ ತಾಯಿ ರಾಧಾಬಾಯಿ ಮುಧೋಳದ ಘೋರ್ಪಡೆಯವರ ಮಗಳು.

ಶಾಹೂ (1874-1922) ಎಂದೊಡನೆ 1902ರ ಜುಲೈ 26ರ ಆದೇಶ ನೆನಪಿಗೆ ಬರುತ್ತದೆ. ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಅರ್ಧದಷ್ಟು ಮೀಸಲು ಎಂದು ಅಂದು ಘೋಷಿಸಲಾಯಿತು. ಅದೇ ವರ್ಷ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ಇಂಗ್ಲೆಂಡಿಗೆ ಹೋದ ಅವರು ದಾರಿಯಲ್ಲಿ ರೋಮಿನ ಕೊಲೊಸಿಯಂ ಕಂಡರು. ಅದರ ಫಲ 1912ರ ಖಾಸಬಾಗ್ ಕುಸ್ತಿ ಮೈದಾನ. ಕಣವನ್ನು ಕೆಳಗಿಟ್ಟು ಸುತ್ತಲ ನೆಲವನ್ನು ಇಳಿಜಾರಾಗಿ ಎತ್ತರಿಸಿದ್ದರಿಂದ ಕೊನೆಯ ಸಾಲಿನವನಿಗೂ ಪಟ್ಟು ಕಾಣುತ್ತದೆ, ನಡುವೆ ಒಂದು ಕಂಬವೂ ಅಡ್ಡ ಬರುವುದಿಲ್ಲ. ಗಂಗಾವೇಸ್, ಮೋತಿಬಾಗ್, ಶಾಹೂಪುರಿ ತಾಲೀಮುಗಳಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಪೈಲ್ವಾನರಲ್ಲಿ ಗಡಿಯಾಚೆಯ ಕನ್ನಡದ ಹುಡುಗರೂ ಇದ್ದಾರೆ. ಸಮಾಜದ ಕುಸ್ತಿಗೆ ಶಾಹೂ ಆರಿಸಿದ ಜಾಗ ಬೇರೆ. 1920ರ ಮಾರ್ಚ್‌ನಲ್ಲಿ, ಹಾತಕಣಂಗಲೆ ಕಡೆಯ ಮಾಣಗಾವದ ಪರಿಷತ್ತಿನಲ್ಲಿ, ಇನ್ನೂ ಇಪ್ಪತ್ತೊಂಬತ್ತು ತುಂಬದ ಅಂಬೇಡ್ಕರರನ್ನು ದಲಿತರ ನಾಯಕನೆಂದು ಶಾಹೂ ತುಂಬಿದ ಸಭೆಯಲ್ಲಿ ಸಾರಿದರು.

ಮೈದಾನಕ್ಕೆ ಬೆನ್ನು ಹಚ್ಚಿ ಅದೇ ಕಾಲಕ್ಕೆ ಎದ್ದದ್ದು ಪ್ಯಾಲೇಸ್ ಥಿಯೇಟರ್. ಈಗಿನ ಹೆಸರು ಕೇಶವರಾವ್ ಭೋಸಲೆ ನಾಟ್ಯಗೃಹ. ಕೊಲ್ಹಾಪುರದಲ್ಲಿ ಹುಟ್ಟಿದ ಈ ಗಾಯಕ ನಟ ತನ್ನ ಲಲಿತಕಲಾದರ್ಶ ನಾಟಕ ಮಂಡಳಿ ಕಟ್ಟಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. 2024ರ ಆಗಸ್ಟ್ 8ರ ರಾತ್ರಿ, ಅವರ ಜಯಂತಿಯ ಹಿಂದಿನ ದಿನ, ಬೆಂಕಿ ಬಿದ್ದು ನಾಟ್ಯಗೃಹ ಸುಟ್ಟಿತು.

ನಾಟಕದ ಊರು ಸಿನಿಮಾದ ಊರಾಗಲು ತಡವಾಗಲಿಲ್ಲ. ಬಾಬುರಾವ್ ಪೇಂಟರ್ ತಾವೇ ಕ್ಯಾಮೆರಾ ತಯಾರಿಸಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿದರು. ಅಲ್ಲಿ ಪಳಗಿದ ವಿ. ಶಾಂತಾರಾಂ ಮತ್ತು ಗೆಳೆಯರು 1929ರಲ್ಲಿ ಇಲ್ಲೇ ಪ್ರಭಾತ್ ಕಂಪನಿ ಶುರು ಮಾಡಿ, 1933ರಲ್ಲಿ ಪುಣೆಗೆ ಹೊರಟರು. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. 1934ರ ಮಾರ್ಚ್ 3ರಂದು ತೆರೆ ಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬಾ ಜೋಡಿ, ರಾವಣನಾಗಿ ಆರ್. ನಾಗೇಂದ್ರರಾವ್. ಬೆಂಗಳೂರಿನಲ್ಲಿ ಆಗ ವಾಕ್ಚಿತ್ರದ ಸ್ಟುಡಿಯೋ ಇರಲಿಲ್ಲ, ಕಲಾವಿದರು ಎರಡು ತಿಂಗಳು ಇಲ್ಲಿ ಬೀಡುಬಿಟ್ಟರು. ಬೆಳ್ಳಿತೆರೆಯ ಕನ್ನಡ ಮೊದಲು ಕೇಳಿಸಿದ್ದು ಪಂಚಗಂಗೆಯ ದಂಡೆಯ ಈ ಊರಿನಲ್ಲಿ ಧ್ವನಿಮುದ್ರಣವಾಗಿ.

ಆ ಹೊತ್ತಿಗೆ ರಾಜಾರಾಮ ಕಾಲೇಜಿನಲ್ಲಿ ಕುಂದಣಗಾರರು ಶಾಸನಗಳ ಬೆನ್ನು ಹತ್ತಿದ್ದರು. ಉತ್ತರ ಕರ್ನಾಟಕ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಕೂಡಿಸಿದ ಅವರ ಸಂಪುಟ 1939ರಲ್ಲಿ ಹೊರಬಂತು. ಅದೇ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತಿದ್ದವರು ಸದಲಗಾದಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ. ಜಟಾಸಿಂಹನಂದಿಯ ‘ವರಾಂಗಚರಿತ’ವನ್ನು 1938ರಲ್ಲಿ ಸಂಪಾದಿಸುವಾಗ ಶುಕ್ರವಾರ ಪೇಟೆಯ ಲಕ್ಷ್ಮೀಸೇನ ಮಠದ ಓಲೆಗರಿ ಅವರಿಗೆ ಆಧಾರವಾಯಿತು. 1949ರಿಂದ 1952ರವರೆಗೆ ಆ ಕಾಲೇಜಿನ ಪ್ರಾಚಾರ್ಯರಾಗಿದ್ದವರು ವಿ.ಕೃ. ಗೋಕಾಕ. ಮುಂದೆ ಗೋಕಾಕರು 1958ರ ಬಳ್ಳಾರಿ, ಕುಂದಣಗಾರರು 1961ರ ಗದಗ, ಉಪಾಧ್ಯೆಯವರು 1967ರ ಶ್ರವಣಬೆಳಗೊಳ ಕನ್ನಡ ಸಾಹಿತ್ಯ ಸಮ್ಮೇಳನಗಳ ಅಧ್ಯಕ್ಷರಾದರು. ಮಹಾರಾಷ್ಟ್ರದ ಒಂದೇ ಕಾಲೇಜಿನ ಅಧ್ಯಾಪಕರ ಕೋಣೆಯಿಂದ ಹತ್ತೇ ವರ್ಷಗಳೊಳಗೆ ಮೂವರು ಸಮ್ಮೇಳನಾಧ್ಯಕ್ಷರು.

ಕೊಲ್ಹಾಪುರದಿಂದ ಯಡ್ರಾವದ ಕಡೆ ಮರಳುವವರು ದಾರಿಯಲ್ಲಿ ವಳಿವಡೆಯನ್ನು ಹಾದುಹೋಗುತ್ತಾರೆ. ಶಿಲಾಹಾರರ ಶಾಸನಗಳಲ್ಲಿ ಬರುವ ವಳವಾಡದ ನೆಲೆವೀಡು ಇದೇ ಎಂದು ಕೆಲವು ವಿದ್ವಾಂಸರ ಊಹೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬಂದು, 1943ರಿಂದ 1948ರವರೆಗೆ, ಇಲ್ಲಿ ಸುಮಾರು 5,000 ಪೋಲೆಂಡಿನ ನಿರಾಶ್ರಿತರು ಇದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. ಅವರ ಶಾಲೆ, ಚರ್ಚು ಎಲ್ಲ ಇಲ್ಲೇ ನಡೆಯಿತು. ಅವರು ಹೋದ ಮೇಲೆ ದೇಶ ವಿಭಜನೆಯಿಂದ ನೆಲೆ ತಪ್ಪಿದ ಸಿಂಧಿ ಕುಟುಂಬಗಳು ಬಂದವು. ಇಂದು ಅದು ಗಾಂಧಿನಗರ, ಸುತ್ತಲ ಜಿಲ್ಲೆಗಳ ಅಂಗಡಿಕಾರರು ಸಗಟು ಬಟ್ಟೆ ಕೊಳ್ಳಲು ಬರುವ ಪೇಟೆ.

ಅರಮನೆಗಳು ವಸ್ತುಸಂಗ್ರಹಾಲಯಗಳಾಗಿವೆ, ಕೋಟೆ ಪ್ರವಾಸಿ ತಾಣವಾಗಿದೆ, ನಡುವಿನ ಜಾಗ ಹಿಡಿದುಕೊಂಡದ್ದು ಕೊನೆಗೂ ಪೇಟೆಯೇ. ನಿಂಬದೇವರಸನ ಕಾಲದಲ್ಲಿ ಐಹೊಳೆಯ ಹೆಸರಿನ ವರ್ತಕರು ಕೂತು ಲೆಕ್ಕ ಮಾಡಿದ ಊರಿನಲ್ಲಿ ಇಂದು ಚಪ್ಪಲಿಯ ಲೆಕ್ಕ ನಡೆಯುತ್ತಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಅದು ಎಂಟು ಜಿಲ್ಲೆಗಳ ಹೆಸರಿಗೆ ಸಿಕ್ಕಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ಕರ್ನಾಟಕದ ಲಿಡ್‌ಕರ್ ನಿಗಮಗಳು ಅದರ ಜಂಟಿ ಹಕ್ಕುದಾರರು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಜೋಡು ತೋರಿಸಿ, ಮೂಲದ ಹೆಸರು ಹೇಳದೆ ಸಿಕ್ಕಿಬಿದ್ದು, ಆಮೇಲೆ ಪ್ರೇರಣೆ ಭಾರತದ ಕೈಕಸುಬಿನದೆಂದು ಒಪ್ಪಿಕೊಂಡಿತು. ಅಥಣಿ, ನಿಪ್ಪಾಣಿ ಕಡೆಯ ಮನೆಗಳಲ್ಲಿ ಗಂಡಸರು ತೊಗಲು ಕತ್ತರಿಸಿ, ಹೆಂಗಸರು ಜಡೆ ಹೆಣೆದು ಹೊಲಿದ ಜೋಡುಗಳು ಇಂದಿಗೂ ಕೊಲ್ಹಾಪುರದ ಅಂಗಡಿಗಳಿಗೆ ಬರುತ್ತವೆ, ಅಲ್ಲಿಂದ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮುಂಬೈಗೂ ವಿದೇಶಕ್ಕೂ ಹೋಗುತ್ತವೆ.